ಕುತ್ತಿಗೆ ನೋವು: ನಾನು ಮಾಡಿದ್ದು, ಬಿಟ್ಟಿದ್ದು

ಯಾರೋ ಹಿಂದಿನಿಂದ ಕರೆದರು. ತಲೆಯನ್ನಷ್ಟೇ ತಿರುಗಿಸಲಾಗದೆ ಕುರ್ಚಿ ಸಮೇತ ತಿರುಗಿದೆ. ಕರೆದವರು ನಕ್ಕರು, ನನಗೆ ನಗು ಬರಲಿಲ್ಲ. ಅದಕ್ಕೂ ಮೂರು ತಿಂಗಳ ಮುಂಚಿನಿಂದಲೇ ಬೆಳಗ್ಗೆ ಏಳುವಾಗ ಹೆಗಲು ಬಿಗಿದಿರುತ್ತಿತ್ತು. ಸಂಜೆಯಾದರೆ ತಲೆಯ ಹಿಂಬದಿಯಿಂದ ಹೊರಟ ನೋವು ಕಣ್ಣಿನ ಮೇಲೆ ಬಂದು ಕೂರುತ್ತಿತ್ತು. ತಪ್ಪೆಲ್ಲ ದಿಂಬಿನದೆಂದು ತೀರ್ಮಾನಿಸಿ ಎರಡು ಬಾರಿ ಅದನ್ನು ಬದಲಿಸಿದ್ದೆ.

ನನ್ನದು ಅನುವಾದದ ಕೆಲಸ. ದಿನಕ್ಕೆ ಎಂಟು ಗಂಟೆ ಲ್ಯಾಪ್‌ಟಾಪ್, ಅದು ಮುಗಿದರೆ ದಣಿವಾರಿಸಿಕೊಳ್ಳಲು ಮೊಬೈಲ್. ಬಗ್ಗಿ ಸೋತ ಕತ್ತಿಗೆ ಮತ್ತೆ ಬಗ್ಗಿಯೇ ವಿಶ್ರಾಂತಿ! ತಲೆ ಸುಮಾರು 5 ಕೆ.ಜಿ. ತೂಗುತ್ತದೆ. ಭುಜದ ನೇರಕ್ಕಿದ್ದರೆ ಕತ್ತಿನ 7 ಮೂಳೆಗಳು ಅದನ್ನು ಸಲೀಸಾಗಿ ಹೊರುತ್ತವೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಹಗ್ಗ ಹಿಡಿದಂತೆ ಜಗ್ಗಿ ನಿಲ್ಲಬೇಕಾಗುತ್ತದೆ. 60 ಡಿಗ್ರಿ ಬಾಗಿದಾಗ ಹೊರೆ ಸುಮಾರು 27 ಕೆ.ಜಿ. ಆಗುತ್ತದೆಂದು 2014ರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಲೆಕ್ಕ ಕೊಟ್ಟಿದ್ದರು. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಮನುಷ್ಯರ ಕತ್ತಿನಲ್ಲಿ ಅಳೆದದ್ದಲ್ಲ ಎಂಬುದನ್ನು ನಾನು ಗಮನಿಸಲಿಲ್ಲ. ಹೆದರಿ, ಇಡೀ ದಿನ ಎದೆಯುಬ್ಬಿಸಿ ಕೋಲಿನಂತೆ ಕೂತೆ. ಮೂರನೆಯ ದಿನ ಬೆನ್ನೂ ಹಿಡಿದುಕೊಂಡಿತು.

ಆಮೇಲೆ ಯಾರೋ ಕೊಟ್ಟ ಕಾಲರ್ ಪಟ್ಟಿ. ಹಾಕಿಕೊಂಡ ನಾಲ್ಕು ದಿನ ಹಾಯೆನಿಸಿತು, ಬಿಚ್ಚಿದೊಡನೆ ತಲೆಯೇ ಭಾರವಾಯಿತು. ಕತ್ತನ್ನು ಅತ್ತಿತ್ತ ಎಳೆದು ಸಡಿಲಿಸುವ ವ್ಯಾಯಾಮದ ಸುಖ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ.

ಕೊನೆಗೆ ವೈದ್ಯರ ಬಳಿ ಹೋದೆ. ನೋವು ಕೈಗೆ ಇಳಿಯುತ್ತದೆಯೇ, ಬೆರಳು ಜೋಮು ಹಿಡಿಯುತ್ತದೆಯೇ, ಹಿಡಿದ ವಸ್ತು ಕೈಜಾರುತ್ತದೆಯೇ, ನಡೆಯುವಾಗ ತೂಗಾಡುವಂತಾಗುತ್ತದೆಯೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಇವುಗಳಲ್ಲಿ ಒಂದಾದರೂ ಇರುವವರು ನನ್ನ ಬರಹ ನಂಬಿ ವ್ಯಾಯಾಮಕ್ಕೆ ಇಳಿಯಬಾರದು, ಮೊದಲು ತಪಾಸಣೆ ಮಾಡಿಸಿಕೊಳ್ಳಬೇಕು. ಅವರು ಬೇಡವೆಂದರೂ ನಾನೇ ಹಟ ಹಿಡಿದು ಎಕ್ಸ್‌ರೇ ತೆಗೆಸಿದೆ. ಕತ್ತಿನ ಸಹಜ ಬಾಗು ನೇರವಾಗಿದೆ ಎಂದು ವರದಿ ಬಂತು. ನೋವೇ ಇಲ್ಲದವರಲ್ಲೂ ಹೀಗೆ ಕಾಣುತ್ತದೆ ಎಂದು ಹೇಳಿ ವೈದ್ಯರು ಅದನ್ನು ಪಕ್ಕಕ್ಕಿಟ್ಟರು.

ದಾರಿ ತೋರಿಸಿದವರು ಫಿಸಿಯೊಥೆರಪಿಸ್ಟ್. ಅಂಗಾತ ಮಲಗಿಸಿ, ಗದ್ದವನ್ನು ಒಳಗೆಳೆದುಕೊಂಡೇ ತಲೆಯನ್ನು ಎರಡು ಬೆರಳಿನಷ್ಟು ಎತ್ತಿ ಹಿಡಿಯಲು ಹೇಳಿದರು. ಹನ್ನೊಂದನೆಯ ಸೆಕೆಂಡಿಗೆ ನನ್ನ ಗದ್ದ ನಡುಗುತ್ತಾ ಮೇಲೆದ್ದಿತು. “ಹಿಂದೆ ಬಿಗಿದಿದೆ ಎಂದು ಅದನ್ನೇ ಎಳೆಯುತ್ತಿದ್ದೀರಿ. ಸೋತಿರುವುದು ಮುಂದಿನದು” ಎಂದರು. ಗಂಟಲಿನ ಹಿಂದೆ, ಮೂಳೆಗೆ ಅಂಟಿಕೊಂಡ ಆಳದ ಸ್ನಾಯುಗಳ ಮಾತು ಅದು.

ಅಭ್ಯಾಸ ನೋಡಲು ಸುಲಭ, ಕೆಡಿಸುವುದು ಇನ್ನೂ ಸುಲಭ. ಮಲಗಿ, ‘ಹೌದು’ ಎಂದು ಅತಿ ಸಣ್ಣದಾಗಿ ತಲೆಯಾಡಿಸುವಂತೆ ಗದ್ದವನ್ನು ಒಳಗೆ ತರಬೇಕು. ಹತ್ತು ಸೆಕೆಂಡು ಹಿಡಿದು ಬಿಡಬೇಕು, ಹೀಗೆ ಹತ್ತು ಸಲ. ನಾನು ಮೊದಲ ವಾರವೆಲ್ಲ ಹಲ್ಲು ಕಚ್ಚಿ ಬಲ ಹಾಕುತ್ತಿದ್ದೆ. ಕತ್ತಿನ ಎರಡೂ ಬದಿಗೆ ಬೆರಳಿಟ್ಟುಕೊಂಡಾಗ ತಪ್ಪು ಸಿಕ್ಕಿತು: ಅಲ್ಲಿನ ಹಗ್ಗದಂಥ ಸ್ನಾಯು ಸೆಟೆದು ನಿಂತರೆ ಹೊರಗಿನವು ಕೆಲಸ ಕಸಿದುಕೊಂಡಿವೆ ಎಂದರ್ಥ. ಬಲವನ್ನು ಅರ್ಧಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಮೂರನೆಯ ವಾರದಿಂದ ದಿನ ಬಿಟ್ಟು ದಿನ ರಬ್ಬರ್ ಪಟ್ಟಿ ಎಳೆದು ಹೆಗಲಿನ ಹಿಂದಿನ ಭಾಗಕ್ಕೂ ಕೆಲಸ ಕೊಟ್ಟೆ.

ಮೇಜಿನ ಮೇಲೆ ದೊಡ್ಡ ಖರ್ಚೇನೂ ಮಾಡಲಿಲ್ಲ. ದಪ್ಪ ನಿಘಂಟುಗಳನ್ನು ಪೇರಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿದೆ. ಕೀಲಿಮಣೆ, ಮೌಸ್ ಬೇರೆ ಜೋಡಿಸಿದೆ. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಬಳಸುವವರು ಪರದೆಯನ್ನು ತುಸು ತಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಗದ್ದ ಎತ್ತಿಯೇ ಓದಬೇಕಾಗುತ್ತದೆ. ಮೊಬೈಲನ್ನು ಮುಖದ ಎತ್ತರಕ್ಕೆ ಹಿಡಿಯತೊಡಗಿದೆ. ಎರಡೇ ನಿಮಿಷಕ್ಕೆ ಕೈ ಸೋಲುತ್ತದೆ, ಆಗ ಕೆಳಗಿಡುತ್ತೇನೆ. ಬಳಕೆ ಕಡಿಮೆ ಮಾಡಲು ನನಗೆ ಸಿಕ್ಕ ಒಂದೇ ಉಪಾಯ ಇದು. ಅರ್ಧ ಗಂಟೆಗೊಮ್ಮೆ ಏಳಲೇಬೇಕೆಂದು ನೀರಿನ ಬಾಟಲಿಯನ್ನು ಪಕ್ಕದ ಕೋಣೆಗೆ ಸಾಗಿಸಿದೆ. ನೇರವಾಗಿ ಕೂರುವುದಕ್ಕಿಂತ ಆಗಾಗ ಭಂಗಿ ಬದಲಿಸಿದ್ದೇ ನನ್ನ ಕತ್ತಿಗೆ ಹೆಚ್ಚು ಒಗ್ಗಿತು.

ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ಆರನೆಯ ವಾರದ ಹೊತ್ತಿಗೆ ತಲೆನೋವು ಹಿಂದೆ ಸರಿಯಿತು, ಕತ್ತು ಪೂರ್ತಿ ತಿರುಗಲು ಮೂರು ತಿಂಗಳು ಹಿಡಿಯಿತು. ನಡುವೆ ಒಂದು ಪುಸ್ತಕದ ಅವಸರದಲ್ಲಿ ಹತ್ತು ದಿನ ಅಭ್ಯಾಸ ಬಿಟ್ಟಾಗ ಹೆಗಲಿನ ಬಿಗಿತ ಮರಳಿ ಬಂದಿತ್ತು. ಹೋದ ವಾರ, ಮಲಗಿ ತಲೆ ಎತ್ತಿ ಹಿಡಿಯುವ ಅದೇ ಪರೀಕ್ಷೆಯಲ್ಲಿ 32 ಸೆಕೆಂಡು ತಾಳಿದೆ. ಎಡಕ್ಕೆ ತಿರುಗಿದರೆ ಈಗಲೂ ಸಣ್ಣಗೆ ಲಟಕ್ಕೆನ್ನುತ್ತದೆ, ನೋವಿಲ್ಲ. ತೊಂದರೆಯೆಂದರೆ ನಿಘಂಟುಗಳು ಇನ್ನೂ ಲ್ಯಾಪ್‌ಟಾಪಿನ ಅಡಿಯಲ್ಲೇ ಇವೆ. ಒಂದು ಪದ ನೋಡಬೇಕಾದರೂ ಎದ್ದು ನಿಂತು ಅದನ್ನು ಎತ್ತಬೇಕು.