ನೆಗೆಟಿವ್ ಮೇಲೆ ಕಲೆಯೇ? ಮೊದಲು ತೂತಿನ ಅಂಚು ನೋಡಿ

ಕವಲೇದುರ್ಗದ ಕೋಟೆಯಲ್ಲಿ ತೆಗೆದ 36 ಚಿತ್ರಗಳಲ್ಲಿ 11ರ ಮೇಲೆ ಬೆಂಕಿಯ ನಾಲಿಗೆಯಂಥ ಕೆಂಪು ಪಟ್ಟಿ ಎದ್ದಿತ್ತು. ಕಾಶಿ ವಿಶ್ವನಾಥ ದೇಗುಲದ ಚಿತ್ರವಂತೂ ಅರ್ಧ ಸುಟ್ಟುಹೋದ ಹಾಗಿತ್ತು. ರೀಲು ತೊಳೆದುಕೊಟ್ಟವರೇ ಕೆಡಿಸಿದ್ದಾರೆಂದು ತೀರ್ಮಾನಿಸಿ, ಅಂಗಡಿಗೆ ಹೋಗಿ ಜೋರು ಮಾಡಿ ಬಂದೆ. ಅವರದೇನೂ ತಪ್ಪಿರಲಿಲ್ಲ. ನೆಗೆಟಿವನ್ನು ಹತ್ತು ನಿಮಿಷ ಕಿಟಕಿಗೆ ಹಿಡಿದು ನೋಡಿದ್ದರೆ ನನಗದು ಅವತ್ತೇ ತಿಳಿಯುತ್ತಿತ್ತು. ಅಜ್ಜನ ಕ್ಯಾಮೆರಾವನ್ನು ಬೀರುವಿನಿಂದ ತೆಗೆದು ಮತ್ತೆ ರೀಲು ಹಾಕುತ್ತಿರುವವರಿಗೆ ಈ ಹತ್ತು ನಿಮಿಷದ ಕೆಲಸ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಪ್ರಿಂಟ್ ಬದಿಗಿಡಿ

ಪ್ರಿಂಟಾಗಲಿ ಮೊಬೈಲಿಗೆ ಬಂದ ಸ್ಕ್ಯಾನ್ ಆಗಲಿ, ಚಿತ್ರದ ಚೌಕಟ್ಟನ್ನಷ್ಟೇ ತೋರಿಸುತ್ತದೆ. ಸಾಕ್ಷಿ ಇರುವುದು ಚೌಕಟ್ಟಿನ ಹೊರಗೆ, ತೂತುಗಳಿರುವ ಅಂಚಿನಲ್ಲಿ. ಆದ್ದರಿಂದ ಸ್ಟುಡಿಯೋದಿಂದ ನೆಗೆಟಿವನ್ನು ತಪ್ಪದೆ ವಾಪಸ್ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಬಿಳಿ ಪರದೆ ತೆರೆದು, ನೆಗೆಟಿವನ್ನು ಅದರ ಮೇಲೆ ತುಸು ಎತ್ತರಕ್ಕೆ ಹಿಡಿಯಿರಿ. ಭೂತಗನ್ನಡಿ ಇಲ್ಲದಿದ್ದರೆ ಕ್ಯಾಮೆರಾದ 50 ಎಂಎಂ ಲೆನ್ಸನ್ನೇ ತಿರುವಿ ಹಿಡಿದರೆ ಸೊಗಸಾಗಿ ದೊಡ್ಡದಾಗಿ ಕಾಣುತ್ತದೆ. ಹೊಳೆಯುವ ಮೈ ಬರೀ ಪ್ಲಾಸ್ಟಿಕ್. ಮಂಕಾದ ಮೈಯಲ್ಲಿ ಚಿತ್ರ ಹೊತ್ತ ಎಮಲ್ಷನ್ ಇದೆ, ಅದನ್ನು ಮುಟ್ಟಬೇಡಿ.

ಈಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಲೆ ನೆಗೆಟಿವ್‌ನಲ್ಲಿ ಕಪ್ಪಗಿದೆಯೋ, ಪಾರದರ್ಶಕವಾಗಿದೆಯೋ? ತೂತಿನ ಅಂಚಿಗೂ ಹರಡಿದೆಯೋ, ಚೌಕಟ್ಟಿನೊಳಗೇ ನಿಂತಿದೆಯೋ? ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿದೆಯೋ, ಎಲ್ಲೆಂದರಲ್ಲಿ ಇದೆಯೋ? ಕಪ್ಪಾಗಿದ್ದರೆ ಹೆಚ್ಚಿನ ಪಾಲು ಅಲ್ಲಿಗೆ ಬೆಳಕು ಬಿದ್ದಿದೆ. ಪಾರದರ್ಶಕವಾಗಿದ್ದರೆ ಬೆಳಕನ್ನೋ ಡೆವಲಪರನ್ನೋ (ಚಿತ್ರ ಮೂಡಿಸುವ ದ್ರಾವಣ) ಏನೋ ತಡೆದಿದೆ, ಇಲ್ಲವೇ ಎಮಲ್ಷನ್ನೇ ಕಿತ್ತುಹೋಗಿದೆ.

ಇಡೀ ರೀಲು ಖಾಲಿ ಬಂದಿದ್ದರೂ ಅಂಚೇ ಉತ್ತರ ಹೇಳುತ್ತದೆ. ಅಂಚಿನ ಅಕ್ಷರ, ಅಂಕಿಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ಡೆವಲಪರ್ ಕೆಲಸ ಮಾಡಿದರೆ ಮಾತ್ರ ಅವು ಎದ್ದು ಕಾಣುತ್ತವೆ. ಅಕ್ಷರ ಸ್ಪಷ್ಟವಾಗಿದ್ದು ಚಿತ್ರ ಇಲ್ಲವೆಂದರೆ ತೊಳೆದವರು ಸರಿಯಾಗಿಯೇ ತೊಳೆದಿದ್ದಾರೆ. ಕ್ಯಾಮೆರಾದಲ್ಲಿ ಫಿಲ್ಮ್ ಮುಂದೆ ಸರಿದಿಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲದಿದ್ದರೆ ಡೆವಲಪರ್ ಸತ್ತಿದೆ, ಅಥವಾ ಮೂಡಿದ ಚಿತ್ರವನ್ನು ಕಾಯಂ ಮಾಡುವ ಹೈಪೋವನ್ನೇ ಮೊದಲು ಸುರಿದಿದ್ದಾರೆ.

ಬೆಳಕು ಎಲ್ಲಿಂದ ನುಗ್ಗಿತು?

ನನ್ನ ಕೆಂಪು ಪಟ್ಟಿ ನೆಗೆಟಿವ್‌ನಲ್ಲಿ ಕಡುಕಪ್ಪಾಗಿತ್ತು, ತೂತುಗಳ ಮೇಲೂ ಹಾದು ಅಂಚಿನವರೆಗೆ ಹೋಗಿತ್ತು. ಲೆನ್ಸಿನಿಂದ ಬಂದ ಬೆಳಕು ಚೌಕಟ್ಟು ದಾಟುವುದಿಲ್ಲ. ಅಂಚಿಗೂ ಹರಡಿದೆ ಎಂದರೆ ಬೆಳಕು ನುಗ್ಗಿದ್ದು ಹಿಂಬಾಗಿಲಿನಿಂದ. ಕೆಂಪು ಬಣ್ಣವೂ ಅದನ್ನೇ ಹೇಳುತ್ತದೆ. ಕಲರ್ ಫಿಲ್ಮಿನಲ್ಲಿ ಕೆಂಪಿಗೆ ಸ್ಪಂದಿಸುವ ಪದರ ಎಲ್ಲಕ್ಕಿಂತ ಹಿಂದೆ ಇರುವುದರಿಂದ, ಬೆನ್ನ ಕಡೆಯಿಂದ ಬಂದ ಬೆಳಕು ಮೊದಲು ಅದನ್ನೇ ಮುಟ್ಟುತ್ತದೆ.

ಇನ್ನೊಂದು ಸುಳಿವೂ ಇತ್ತು. ಕೋಟೆಯ ಕಲ್ಲುಕಟ್ಟೆಯ ಮೇಲೆ ಕ್ಯಾಮೆರಾವನ್ನು ಬಿಸಿಲಿಗಿಟ್ಟು ನಾವು ಬುತ್ತಿ ಬಿಚ್ಚಿದ್ದೆವು. ಊಟ ಮುಗಿಸಿ ತೆಗೆದ ಮೊದಲ ಚಿತ್ರದಲ್ಲೇ ಪಟ್ಟಿ ಎಲ್ಲಕ್ಕಿಂತ ದಪ್ಪ. ಆ ಫ್ರೇಮ್ ಅಷ್ಟೂ ಹೊತ್ತು ಅಲ್ಲೇ ಕಾದು ಕೂತಿತ್ತಲ್ಲ!

ಪಟ್ಟಿ ಚಿತ್ರದ ಎಡಗಡೆ ಇದ್ದುದರಿಂದ ನಾನು ಕ್ಯಾಮೆರಾದ ಎಡಬದಿಯನ್ನೇ ತಡಕಿದೆ. ಏನೂ ಸಿಗಲಿಲ್ಲ. ಕ್ಯಾಮೆರಾದೊಳಗೆ ಬಿಂಬ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಬೀಳುತ್ತದೆ. ಹಾಗಾಗಿ ಪ್ರಿಂಟನ್ನು ತಲೆಕೆಳಗು ಮಾಡಿ, ಚಿತ್ರ ನಿಮ್ಮ ಕಡೆಗಿರುವಂತೆ ಕ್ಯಾಮೆರಾದ ಬೆನ್ನಿಗೆ ಹಿಡಿಯಿರಿ. ಕಲೆ ಎಲ್ಲಿ ಬರುತ್ತದೋ ಬೆಳಕಿನ ದಾರಿ ಅದರ ಆಸುಪಾಸಿನಲ್ಲೇ ಇರುತ್ತದೆ. ನನ್ನದರಲ್ಲಿ ಅದು ಬಲಕ್ಕೆ, ಬಾಗಿಲಿನ ಕೀಲಿನ ಪಕ್ಕಕ್ಕೆ ಬಂತು. ಬೆಳಕು ತಡೆಯಲೆಂದು ಅಲ್ಲಿದ್ದ ಕಪ್ಪು ಸ್ಪಂಜು ಮುಟ್ಟಿದರೆ ಕೈಗೆ ಡಾಂಬರಿನ ಹಾಗೆ ಮೆತ್ತಿಕೊಂಡಿತು. ಹಳೆಯ ಕ್ಯಾಮೆರಾಗಳ ಸ್ಪಂಜಿಗೆ ಇದೇ ಗತಿ, ಮಲೆನಾಡಿನ ತೇವದಲ್ಲಂತೂ ಕೇಳುವುದೇ ಬೇಡ.

ಖಾತ್ರಿ ಮಾಡಿಕೊಳ್ಳಲು ಇನ್ನೊಂದು ರೀಲು ಹಾಕಿ. ಮೊದಲರ್ಧಕ್ಕೆ ಬಾಗಿಲಿನ ಸಂದುಗಳ ಮೇಲೆ ವೈರಿಂಗಿನವರ ಕಪ್ಪು ಟೇಪು ಸುತ್ತಿ, ಉಳಿದರ್ಧಕ್ಕೆ ಬಿಚ್ಚಿಡಿ. ಪಟ್ಟಿ ಎರಡನೆಯ ಅರ್ಧದಲ್ಲಿ ಮಾತ್ರ ಬಂದರೆ ಅನುಮಾನವೇ ಬೇಡ. ಹಳೆ ಸ್ಪಂಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ತೆಗೆಯಿರಿ. ಶಟರಿನ ಪರದೆಗೆ ಒಂದು ಹನಿಯೂ ತಾಗಬಾರದು. ಸಪೂರ ಕಾಲುವೆಯಂಥ ಜಾಗಕ್ಕೆ ಕಪ್ಪು ಉಲ್ಲನ್ ದಾರ ಕೂರಿಸಿದರೆ ಸಾಕಾಗುತ್ತದೆ.

ಕಪ್ಪು ಚುಕ್ಕಿ ಚೌಕಟ್ಟಿನೊಳಗೇ ಇದ್ದು, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿದ್ದರೆ ಬಟ್ಟೆಯ ಶಟರಿನಲ್ಲಿ ಸೂಜಿತೂತು ಬಿದ್ದಿರಬಹುದು. ಲೆನ್ಸಿನ ಹಿಂದೆ ಕನ್ನಡಿ ಇಲ್ಲದ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಮುಚ್ಚಳವಿಲ್ಲದೆ ಸೂರ್ಯನ ಕಡೆ ತಿರುಗಿಸಿಟ್ಟರೆ ಹೀಗೆ ಸುಡುವುದುಂಟು. ಆಗುಂಬೆಯಲ್ಲಿ ಸೂರ್ಯಾಸ್ತಕ್ಕೆ ಕಾಯುವವರು ಇದನ್ನು ನೆನಪಿಡಿ.

ಗೆರೆ, ಮಿಂಚು

ಫಿಲ್ಮಿನ ಉದ್ದಕ್ಕೂ ನೇರ ಗೆರೆ ಎಳೆದಿದ್ದರೆ ಫಿಲ್ಮ್ ಸರಿಯುವ ದಾರಿಯಲ್ಲಿ ಮರಳಿನ ಕಣ ಕೂತಿದೆ. ಬಾಗಿಲಿನ ಒಳಗಿನ ಒತ್ತುಪಟ್ಟಿ, ಫಿಲ್ಮ್ ಡಬ್ಬಿಯ ಬಾಯಿಯ ಮಖಮಲ್ಲು, ಒಣಗಿಸುವಾಗ ನೀರು ಸೀಟಿದ ರಬ್ಬರು, ಮೂರನ್ನೂ ನೋಡಿ. ಗೀರು ಪ್ಲಾಸ್ಟಿಕ್ ಮೈಯಲ್ಲಿದ್ದರೆ ಚಿತ್ರ ಉಳಿದಿದೆ ಎಂದರ್ಥ. ಹಿಂದಿನ ಸ್ಟುಡಿಯೋದವರು ಮೂಗಿನ ಪಕ್ಕದ ಜಿಡ್ಡನ್ನು ಬೆರಳಲ್ಲಿ ಒರೆಸಿ ಆ ಗೀರಿಗೆ ಸವರಿ ಪ್ರಿಂಟ್ ಹಾಕುತ್ತಿದ್ದರು. ಗೀರು ತುಂಬಿಕೊಂಡು ಕಾಣದಾಗುತ್ತದೆ!

ಮಿಂಚಿನಂತೆ ಕವಲೊಡೆದ ಕಪ್ಪು ಗೆರೆ ಸ್ಥಾಯಿ ವಿದ್ಯುತ್ತಿನ ಕಿಡಿ. ಒಣ ಹವೆಯಲ್ಲಿ ಫಿಲ್ಮನ್ನು ಬೀಸಾಗಿ ಸುತ್ತಿದರೆ ಹಾರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಇದು ಅಪರೂಪ.

ಬಚ್ಚಲುಮನೆಯ ತಪ್ಪುಗಳು

ಮನೆಯಲ್ಲೇ ತೊಳೆಯುವವರು ಗಮನಿಸಿ. ಉರುಟಾದ ಪಾರದರ್ಶಕ ಚುಕ್ಕಿ ಗಾಳಿಗುಳ್ಳೆಯ ಗುರುತು. ಡೆವಲಪರ್ ಸುರಿದ ಕೂಡಲೇ ಫಿಲ್ಮ್ ತೊಳೆಯುವ ಟ್ಯಾಂಕನ್ನು ಎರಡು ಸಲ ಕುಟ್ಟಿ. ಅರ್ಧಚಂದ್ರ ಕಂಡರೆ ಕತ್ತಲಲ್ಲಿ ಟ್ಯಾಂಕಿನ ಸುರುಳಿಗೆ ಏರಿಸುವಾಗ ಫಿಲ್ಮ್ ಮಡಚಿದೆ. ಒಂದು ಅಂಚು ಉದ್ದಕ್ಕೂ ತೆಳುವಾಗಿದ್ದರೆ ದ್ರಾವಣ ಕಡಿಮೆಯಾಗಿದೆ. ಪ್ಯಾಟರ್ಸನ್ ಟ್ಯಾಂಕಿನಲ್ಲಿ ಒಂದು 35 ಎಂಎಂ ರೀಲಿಗೆ 290 ಮಿ.ಲೀ. ಬೇಕು. ಹಾಲಿನಂತೆ ಮಸುಕಾಗಿದ್ದರೆ ಗಾಬರಿ ಬೇಡ, ಹೊಸ ಹೈಪೋದಲ್ಲಿ ಮತ್ತೆ ಅದ್ದಿ, ಚೆನ್ನಾಗಿ ತೊಳೆದರೆ ಸರಿಹೋಗುತ್ತದೆ.

ನೀರಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬೋರ್‌ವೆಲ್ ನೀರು ಒಣಗಿದರೆ ಸುಣ್ಣದ ಉಂಗುರ ಉಳಿಯುತ್ತದೆ. ಗುಡ್ಡದಿಂದ ಬರುವ ಅಬ್ಬಿ ನೀರಿನಲ್ಲಿ ಮಳೆಗಾಲದಲ್ಲಿ ನಯವಾದ ಮಣ್ಣಿರುತ್ತದೆ, ನೆನೆದ ಎಮಲ್ಷನ್ ಅದನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ ಬಳಸಿ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಡಿಸೆಂಬರಿನ ಮುಂಜಾನೆ 20 ಡಿಗ್ರಿಯ ಡೆವಲಪರಿನಿಂದ ತೆಗೆದು ಕೊರೆಯುವ ನಲ್ಲಿನೀರಿಗೆ ಹಾಕಿದರೆ ಎಮಲ್ಷನ್ ಒಣಗಿದ ಕೆರೆಯಂತೆ ಬಿರಿಯಬಹುದು, ಅದಕ್ಕೆ ಮದ್ದಿಲ್ಲ. ಎಲ್ಲ ದ್ರಾವಣವೂ ತೊಳೆಯುವ ನೀರೂ ಒಂದೇ ಹದದಲ್ಲಿರಲಿ.

ಬೂಷ್ಟು

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲಿನ ಕಾಲದ ನೆಗೆಟಿವ್‌ಗಳು ನಮ್ಮ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿವೆ. ಅವುಗಳ ಮೇಲೆ ಜೇಡರ ಬಲೆಯಂಥ ಕವಲು ಎಳೆಗಳು ಕಂಡರೆ ಅದು ಬೂಷ್ಟು. ಎಮಲ್ಷನ್ನಿನ ಜೆಲಟಿನ್ನೇ ಅದರ ಆಹಾರ. ಕಂಡ ಕೂಡಲೇ ನೀರಲ್ಲಿ ತೊಳೆಯಲು ಹೋಗಬೇಡಿ, ದಯವಿಟ್ಟು. ಬೂಷ್ಟು ಮೇಯ್ದ ಜೆಲಟಿನ್ ನೀರಿಗೆ ಕರಗುತ್ತದೆ. ಬೂಷ್ಟಿನ ಜೊತೆ ಅಜ್ಜಿಯ ಮದುವೆಯ ಚಿತ್ರವೂ ಹೋಗುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದು, ಮೊದಲು ಸ್ಕ್ಯಾನ್ ಮಾಡಿಸಿಡಿ. ಆಮೇಲೆ ಬೇಕಿದ್ದರೆ ಒಂದು ಮೂಲೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪರೀಕ್ಷಿಸಿ. ಅಡಿಕೆ, ಬೆಲ್ಲ ಇಡುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿಗೆ ಬಣ್ಣ ಮಾಸುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಗೊಮ್ಮೆ ತೆರೆದು ನೋಡಿ ಪೊಟ್ಟಣ ಬದಲಿಸಿ.