ರಾಷ್ಟ್ರೀಯ ಉದ್ಯಾನಗಳಲ್ಲಿ ಚಾರಣ, ಸೈಕಲ್ ಸವಾರಿ: ಸಿದ್ಧತೆ ಹೇಗೆ?

ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿಬಂದವರಿಗೆ ರಾಷ್ಟ್ರೀಯ ಉದ್ಯಾನವೆಂದರೆ ಸಫಾರಿ ವಾಹನದ ಕಿಟಕಿಯಿಂದ ಕಾಣುವ ಕಾಡು. ಅಲ್ಲಿ ಪ್ರವಾಸಿಗರು ವಾಹನದಿಂದ ಇಳಿಯುವಂತಿಲ್ಲ. ಹುಲಿ, ಆನೆಗಳು ದಟ್ಟವಾಗಿರುವ ಕಾಡಿಗೆ ಆ ನಿಯಮ ಸರಿಯಾದದ್ದೇ. ಆದರೆ ದೇಶದಲ್ಲಿರುವ 100ಕ್ಕೂ ಹೆಚ್ಚು ರಾಷ್ಟ್ರೀಯ ಉದ್ಯಾನಗಳ ಪೈಕಿ ಕೆಲವನ್ನು ನಡೆದೇ ನೋಡಬೇಕು, ಒಂದೆರಡನ್ನು ಸೈಕಲ್ ಮೇಲೆ ನೋಡುವುದೇ ಚೆಂದ. ಅಂಥ ಪ್ರವಾಸವನ್ನು ಯೋಜಿಸುವಾಗ ಯಾವ ಪ್ರಾಣಿ ಕಾಣುತ್ತದೆ ಎಂಬುದಕ್ಕಿಂತ ಮೊದಲು ಆ ಉದ್ಯಾನದ ನಿಯಮ ಮತ್ತು ಋತುವನ್ನು ವಿಚಾರಿಸಬೇಕು. ಇವೆರಡು ಹೊಂದದಿದ್ದರೆ ಎಷ್ಟೇ ದೂರದಿಂದ ಹೋದರೂ ದ್ವಾರದಲ್ಲೇ ನಿಲ್ಲಬೇಕಾಗುತ್ತದೆ.

ಉದ್ಯಾನದ ಆಯ್ಕೆ

ಸೈಕಲ್ ಇಷ್ಟಪಡುವವರು ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಿಂದ ಆರಂಭಿಸುವುದು ಒಳ್ಳೆಯದು. ಸುಮಾರು 29 ಚದರ ಕಿ.ಮೀ. ವಿಸ್ತಾರದ, 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಜೌಗು ಪ್ರದೇಶದ ನೆಲ ಸಮತಟ್ಟಾಗಿದೆ. ಬಾಡಿಗೆ ಸೈಕಲ್ ಪ್ರವೇಶದ್ವಾರದಲ್ಲೇ ಸಿಗುತ್ತದೆ. ಮುಂಬೈಗೆ ಹೋಗುವವರಿಗೆ ಬೊರಿವಿಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿಯೂ ಬಾಡಿಗೆ ಸೈಕಲ್ ಪಡೆದು, ಬಸಾಲ್ಟ್ ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿರುವ ಕನ್ಹೇರಿಯವರೆಗೆ ತುಳಿಯಬಹುದು. ಕೊನೆಯ ಭಾಗ ಏರುದಾರಿಯಾದ್ದರಿಂದ ಅಭ್ಯಾಸವಿಲ್ಲದವರು ಸೈಕಲ್ ತಳ್ಳಿಕೊಂಡು ಹೋಗಬೇಕಾದೀತು.

ಚಾರಣಕ್ಕೆ ನಮ್ಮ ಕುದುರೆಮುಖವೇ ಹತ್ತಿರದ್ದು. ಹಿಮಾಲಯ ನೋಡಬೇಕೆನ್ನುವವರಿಗೆ ಉತ್ತರಾಖಂಡದ ಹೂಗಳ ಕಣಿವೆ ಇದೆ, ಹಿಮಾಚಲದ ತೀರ್ಥನ್ ಕಣಿವೆಯ ಕಡೆಯಿಂದ ಪ್ರವೇಶಿಸುವ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನವೂ ಇದೆ. ಎರಡನೆಯದು ಹಲವು ದಿನಗಳ ಚಾರಣವನ್ನು ಬೇಡುವುದರಿಂದ ಮೊದಲ ಸಲದವರಿಗೆ ನಾನು ಅದನ್ನು ಸೂಚಿಸಲಾರೆ.

ಪರವಾನಗಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡಲು ಅನುಮತಿ ಬೇಕೇ ಬೇಕು. ಭರತಪುರದಲ್ಲಿ ಅದು ದ್ವಾರದಲ್ಲಿ ಕೊಳ್ಳುವ ಟಿಕೆಟ್ಟಿನಷ್ಟು ಸರಳ. ಕುದುರೆಮುಖದಲ್ಲಿ ಹಾಗಲ್ಲ: ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ, ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕು. 2024ರ ಜನವರಿಯಲ್ಲಿ ಪುಷ್ಪಗಿರಿ ವನ್ಯಜೀವಿ ಧಾಮದ ಕುಮಾರ ಪರ್ವತಕ್ಕೆ ಚಾರಣಿಗರು ಸಾಲುಗಟ್ಟಿ ನಿಂತ ಚಿತ್ರಗಳನ್ನು ನೋಡಿದವರಿಗೆ ಈ ಮಿತಿ ಅತಿಯೆನಿಸದು. ವಾರಾಂತ್ಯದ ಸ್ಥಾನಗಳು ಬೇಗ ತುಂಬಿಹೋಗುವುದರಿಂದ ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ, ದಾರಿಯೂ ಖಾಲಿಯಿರುತ್ತದೆ. ಕಾಯ್ದಿರಿಸುವಾಗ ನೀಡಿದ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಒಯ್ಯಬೇಕು, ಏಕೆಂದರೆ ಚೌಕಿಯಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳುವಂತಿಲ್ಲ.

ಋತು

ಹೂಗಳ ಕಣಿವೆ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ. ಹೂವುಗಳು ತುಂಬಿ ನಿಲ್ಲುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಅಲ್ಲಿಗೆ ಹೋಗಬೇಕಾದ ಬದರಿನಾಥದ ರಸ್ತೆಯಲ್ಲಿ ಗುಡ್ಡ ಕುಸಿಯುವ ಮಳೆಗಾಲದಲ್ಲೇ. ಆದ್ದರಿಂದ ವೇಳಾಪಟ್ಟಿಯಲ್ಲಿ ಎರಡು ದಿನಗಳನ್ನು ಖಾಲಿ ಬಿಟ್ಟುಕೊಳ್ಳದೆ ಮರುಪ್ರಯಾಣದ ವಿಮಾನ ಟಿಕೆಟ್ ಕಾಯ್ದಿರಿಸುವುದು ಜಾಣತನವಲ್ಲ. ಅದೇ ರಸ್ತೆಯಲ್ಲಿರುವ ಗೋವಿಂದಘಾಟ್ ಕಡೆಯಿಂದ ನಡೆದು ಸುಮಾರು 3,000 ಮೀಟರ್ ಎತ್ತರದ ಘಾಂಘರಿಯಾದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಕಣಿವೆಗೆ ಹೋಗಿ ಸಂಜೆಯೊಳಗೆ ಮರಳಬೇಕು. ಒಳಗೆ ರಾತ್ರಿ ತಂಗಲು ಅವಕಾಶವಿಲ್ಲ. 4,300 ಮೀಟರ್‌ಗೂ ಎತ್ತರದಲ್ಲಿರುವ ಸಿಖ್ಖರ ಯಾತ್ರಾಸ್ಥಳ ಹೇಮಕುಂಡ ಸಾಹಿಬ್‌ಗೆ ಹೋಗುವ ಆಸೆಯಿದ್ದರೆ ಕಣಿವೆಯನ್ನು ಮೊದಲು ಮುಗಿಸಿ, ದೇಹ ಎತ್ತರಕ್ಕೆ ಒಗ್ಗಿದ ಮೇಲೆ ಹೋಗಿ.

ಕುದುರೆಮುಖದಲ್ಲಿ ಬೇಸಿಗೆಯ ತೊಂದರೆ ಬೇರೆ. ಒಣಗಿದ ಹುಲ್ಲುಗಾವಲಿಗೆ ಬೆಂಕಿ ತಗಲುವ ಭಯದಿಂದ ಇಲಾಖೆ ಆ ತಿಂಗಳುಗಳಲ್ಲಿ ಚಾರಣವನ್ನು ನಿಲ್ಲಿಸುವುದುಂಟು. ಮಳೆ ನಿಂತು ಹಸಿರು ಇನ್ನೂ ಮಾಸದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲ ಹೊಸಬರಿಗೆ ತಕ್ಕದ್ದು.

ಭರತಪುರದಲ್ಲಿ ಸೈಕಲ್ ಮೇಲೆ

ಸೈಕಲ್ ಪಡೆಯುವ ಮುನ್ನ ಎರಡೂ ಬ್ರೇಕ್ ಒತ್ತಿ ನೋಡಿ, ಸೀಟಿನ ಎತ್ತರ ಸರಿಪಡಿಸಿಕೊಳ್ಳಿ, ಟೈರಿನ ಗಾಳಿ ಪರೀಕ್ಷಿಸಿ. ದ್ವಾರದಿಂದ ಉದ್ಯಾನಕ್ಕೆ ಹೆಸರು ಕೊಟ್ಟ ಕೇವಲಾದೇವ್ ಶಿವಾಲಯದವರೆಗೆ ನೆರಳಿನ ಟಾರು ರಸ್ತೆಯಿದೆ. ಅದರಿಂದ ಕವಲೊಡೆಯುವ ಮಣ್ಣಿನ ಏರಿಗಳು ಕೆರೆಗಳ ನಡುವೆ ಸಾಗುತ್ತವೆ. ಜಾಲಿಮುಳ್ಳು ಉದುರುವ ಕಡೆ ಸೈಕಲ್‌ಗೆ ಬೀಗ ಹಾಕಿ ನಡೆದರೆ ಪಂಕ್ಚರ್ ತಪ್ಪುತ್ತದೆ, ಹಕ್ಕಿಗಳೂ ಬೆದರುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಎಷ್ಟು ದಟ್ಟವೆಂದರೆ ಕೆಲವು ದಿನ ಏರಿಯ ಪಕ್ಕದ ನೀರೇ ಕಾಣದು. ಬಿಸಿಲೇರುವವರೆಗೆ ಕಿವಿಗೊಟ್ಟು ಕಾಯುವುದೊಂದೇ ದಾರಿ. ಮಂಜು ಕರಗಿದಂತೆ, ನಮ್ಮ ಕೊಕ್ಕರೆ ಬೆಳ್ಳೂರಿಗೂ ಬರುವ ಬಣ್ಣದ ಕೊಕ್ಕರೆಗಳು ಜಾಲಿಮರಗಳ ಮೇಲೆ ಒಂದೊಂದಾಗಿ ಮೂಡುತ್ತವೆ. ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಹೆಬ್ಬಾವು ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುತ್ತದೆ. ಹಕ್ಕಿಗಳ ಪರಿಚಯವಿಲ್ಲದವರು ಮೊದಲ ದಿನ ಅಲ್ಲಿನ ಸೈಕಲ್ ರಿಕ್ಷಾವನ್ನೇ ಹಿಡಿಯಲಿ. ಅದನ್ನು ತುಳಿಯುವವರು ತರಬೇತಿ ಪಡೆದ ಮಾರ್ಗದರ್ಶಿಗಳೂ ಆಗಿರುತ್ತಾರೆ, ದುರ್ಬೀನಿಲ್ಲದೆಯೇ ಕೊಂಬೆಯಲ್ಲಿನ ಗೂಬೆಯನ್ನು ತೋರಿಸುತ್ತಾರೆ. ಶಿವಾಲಯದ ಬಳಿಯ ಕಲ್ಲುಫಲಕವನ್ನು ಓದದೆ ಮರಳಬೇಡಿ: ಇದು ಭರತಪುರದ ಅರಸರ ಬೇಟೆಯ ತಾಣವಾಗಿದ್ದ ಕಾಲದ ಲೆಕ್ಕ ಅಲ್ಲಿದೆ, 1938ರ ನವೆಂಬರ್‌ನ ಒಂದೇ ದಿನ ಹೊಡೆದ ಹಕ್ಕಿಗಳು 4,273.

ಕುದುರೆಮುಖದ ದಾರಿ

1,894 ಮೀಟರ್ ಎತ್ತರದ ಶಿಖರಕ್ಕೆ ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿ.ಮೀ. ನಡೆಯಬೇಕು. ಸಂಸೆ, ಕಳಸದ ಸುತ್ತಮುತ್ತಲಿನ ಹೋಂಸ್ಟೇಯಲ್ಲಿ ಹಿಂದಿನ ರಾತ್ರಿ ತಂಗಿದರೆ ಮುಂಜಾನೆ ಜೀಪಿನಲ್ಲಿ ಮುಳ್ಳೋಡಿ ತಲುಪಬಹುದು. ಶೋಲಾ ಕಾಡು (ಗುಡ್ಡಗಳ ಮಡಿಲಿನ ದಟ್ಟ ಕಾಡು), ಹಳ್ಳ, ಬಯಲು ಹುಲ್ಲುಗುಡ್ಡ ಹೀಗೆ ದಾರಿ ಬದಲಾಗುತ್ತಾ ಹೋಗುತ್ತದೆ. ಹುಲ್ಲುಗುಡ್ಡದಲ್ಲಿ ನೆರಳೇ ಇಲ್ಲವಾದ್ದರಿಂದ ಟೋಪಿ ಮತ್ತು ಒಬ್ಬೊಬ್ಬರಿಗೂ ಕನಿಷ್ಠ ಎರಡು ಲೀಟರ್ ಕುಡಿಯುವ ನೀರು ಇರಲಿ. ಇದಕ್ಕೆ ಮೂರು ವಾರ ಮುಂಚಿನಿಂದ ದಿನಕ್ಕೆ ಒಂದು ಗಂಟೆ ಬಿರುಸಾಗಿ ನಡೆದು, ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಬೇಕು, ಏಕೆಂದರೆ ಮೊಣಕಾಲಿಗೆ ನೋವಾಗುವುದು ಹೆಚ್ಚಾಗಿ ಇಳಿಯುವಾಗ. ಹೊಸ ಬೂಟುಗಳನ್ನು ಅಂದೇ ತೊಡಬಾರದು.

ಮಳೆಗಾಲದಲ್ಲಿ ಹೋಗುವವರು ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಸಿದ್ಧರಾಗಿರಬೇಕು. ಕಾಲುಚೀಲದ ಒಳಗೆ ಪ್ಯಾಂಟಿನ ತುದಿ ಸಿಕ್ಕಿಸಿ, ಮೇಲೆ ಉಪ್ಪಿನ ನೀರನ್ನೋ ಹೊಗೆಸೊಪ್ಪಿನ ನೀರನ್ನೋ ಸವರಿಕೊಳ್ಳುವುದು ಮಲೆನಾಡಿನವರ ಹಳೆಯ ಉಪಾಯ. ಕಚ್ಚಿದ ಉಂಬಳವನ್ನು ಕಿತ್ತೆಳೆಯದೆ ಉಪ್ಪು ಮುಟ್ಟಿಸಿದರೆ ಬಿಟ್ಟುಬಿಡುತ್ತದೆ; ರಕ್ತ ಸ್ವಲ್ಪ ಹೊತ್ತು ಒಸರಿದರೆ ಗಾಬರಿಯಾಗಬೇಕಿಲ್ಲ.

ಕಾಡುಕೋಣ ಎದುರಾದರೆ ಫೋಟೊಗಾಗಿ ಮುಂದೆ ಹೋಗಬಾರದು. ನಿಂತಲ್ಲೇ ನಿಂತು, ಮಾರ್ಗದರ್ಶಿ ಹೇಳಿದಂತೆ ನಿಧಾನವಾಗಿ ಹಿಂದೆ ಸರಿದು ಅದಕ್ಕೆ ದಾರಿ ಬಿಡಬೇಕು. ಹಳ್ಳ ಉಕ್ಕಿದ್ದರೆ ದಾಟಬೇಕೋ ಬೇಡವೋ ಎಂಬ ತೀರ್ಮಾನವೂ ಅವರದ್ದೇ. ಹೊರಡುವ ಮುನ್ನವೇ ಹಿಂದಿರುಗುವ ಸಮಯವನ್ನು ಅವರೊಂದಿಗೆ ಮಾತಾಡಿಕೊಂಡು ಗುಂಪಿನ ಎಲ್ಲರಿಗೂ ತಿಳಿಸಿ. ಆ ಹೊತ್ತಿಗೆ ಶಿಖರ ಇನ್ನೂ ಒಂದೇ ಏರಿನಾಚೆ ಇದ್ದರೂ ತಿರುಗಿ ಹೊರಡಿ. ಸಂಜೆ ಮುಳ್ಳೋಡಿ ಸೇರುವ ಮುನ್ನ ಶೋಲಾ ಕಾಡನ್ನು ಬೆಳಕಿರುವಾಗಲೇ ದಾಟಬೇಕಾಗಿರುತ್ತದೆ.