ಸಿಆರ್‌ಎಂ ಮತ್ತು ಡೇಟಾಬೇಸ್ ಜೋಡಿಸುವ ಉತ್ಪನ್ನ: ಬೇಡಿಕೆಯನ್ನು ಅಳೆಯುವುದು ಹೇಗೆ

ಸೇಲ್ಸ್‌ಫೋರ್ಸ್, ಜೋಹೊ, ಹಬ್‌ಸ್ಪಾಟ್‌ನಂಥ ಸಿಆರ್‌ಎಂ (ಗ್ರಾಹಕ ಸಂಬಂಧ ನಿರ್ವಹಣೆ) ತಂತ್ರಾಂಶದಲ್ಲಿರುವ ಗ್ರಾಹಕರ ವಿವರಗಳು ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸಿನೊಂದಿಗೆ ಸದಾ ತಾಳೆಯಾಗುವಂತೆ ನೋಡಿಕೊಳ್ಳುವ ಉತ್ಪನ್ನವನ್ನು ಬೆಂಗಳೂರಿನಲ್ಲಿ ಕಟ್ಟಲು ಹೊರಟವರು, ಕೋಡ್ ಬರೆಯುವ ಮೊದಲು ಅದನ್ನು ಕೊಳ್ಳುವವರು ಯಾರೆಂದು ಕಂಡುಕೊಳ್ಳಬೇಕು. "ಇಂಥದ್ದು ನಿಮಗೆ ಬೇಕೇ?" ಎಂದು ಕೇಳಿದರೆ ದಾಕ್ಷಿಣ್ಯಕ್ಕಾದರೂ ಹೌದೆನ್ನುತ್ತಾರೆ, ಆ ಉತ್ತರವನ್ನು ನಂಬಬೇಡಿ.

ಅದರ ಬದಲು, ಕಳೆದ ವಾರ ಸಿಆರ್‌ಎಂನಿಂದ ಫೈಲನ್ನು ಇಳಿಸಿಕೊಂಡವರು ಯಾರು, ಅದನ್ನು ಎಲ್ಲಿಗೆ ಏರಿಸಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ. ಪೀಣ್ಯದ ಬಿಡಿಭಾಗ ತಯಾರಕರಲ್ಲಿ ಈ ಕೆಲಸ ಲೆಕ್ಕಪತ್ರದ ಮೇಜಿನಲ್ಲಿ ನಡೆಯುತ್ತಿರಬಹುದು. ಎಚ್‌ಎಸ್‌ಆರ್ ಬಡಾವಣೆಯ ನವೋದ್ಯಮದಲ್ಲಿ ಎಂಜಿನಿಯರೊಬ್ಬರು ಬಿಡುವಿನಲ್ಲಿ ಬರೆದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ರಾತ್ರಿ ಓಡುತ್ತಿರಬಹುದು. ಮಾಲೀಕರೊಡನೆ ಮಾತು ಮುಗಿಸಿ ಎದ್ದು ಬಾರದೆ, ಫೈಲನ್ನು ಕೈಯಾರೆ ಸಾಗಿಸುವವರ ಪಕ್ಕದಲ್ಲಿ ಅರ್ಧ ದಿನವಾದರೂ ಕುಳಿತುಕೊಳ್ಳಿ, ಏಕೆಂದರೆ ತೊಡಕು ಗೊತ್ತಿರುವುದು ಅವರಿಗೆ. ದಿನಕ್ಕೆ 1 ಗಂಟೆಯಂತೆ ತಿಂಗಳಿಗೆ 25 ಗಂಟೆ ಹೋಗುತ್ತಿದ್ದು, ಗಂಟೆಗೆ 250 ರೂಪಾಯಿ ಸಂಬಳ ಬೀಳುವುದಾದರೆ, ಆ ಸಂಸ್ಥೆಯ ಈಗಿನ ಖರ್ಚು 6,250 ರೂಪಾಯಿ. ತಪ್ಪು ವಿಳಾಸಕ್ಕೆ ಹೋದ ಸರಕಿನ ನಷ್ಟವನ್ನೂ ಅವರಾಗಿಯೇ ಲೆಕ್ಕಕ್ಕೆ ಸೇರಿಸದ ಹೊರತು, ನಿಮ್ಮ ಬೆಲೆ ಅದಕ್ಕಿಂತ ಕೆಳಗಿರಲೇಬೇಕು.

ನಿಜವಾಗಿ ಪೆಟ್ಟು ತಿಂದವರನ್ನು ಅವರ ದೂರಿನ ಸೂಕ್ಷ್ಮತೆಯಿಂದಲೇ ಗುರುತಿಸಬಹುದು. ಉದಾಹರಣೆಗೆ, ಸೇಲ್ಸ್‌ಫೋರ್ಸ್‌ನ 15 ಅಕ್ಷರಗಳ ದಾಖಲೆ ಸಂಖ್ಯೆಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ವ್ಯತ್ಯಾಸವಿದೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಆ ವ್ಯತ್ಯಾಸವನ್ನು ಗಣಿಸುವುದಿಲ್ಲವಾದ್ದರಿಂದ, ಆ ವ್ಯತ್ಯಾಸವನ್ನೂ ಅಡಕ ಮಾಡಿಕೊಂಡಿರುವ 18 ಅಕ್ಷರಗಳ ರೂಪವನ್ನು ಬಳಸದಿದ್ದರೆ ಇಬ್ಬರು ಗ್ರಾಹಕರು ಒಬ್ಬರಾಗಿಬಿಡಬಹುದು. ಹಾಗೆಯೇ, ಬದಲಾದ ದಾಖಲೆಗಳನ್ನು ಮಾತ್ರ ಓದುವ ಸ್ಕ್ರಿಪ್ಟಿಗೆ ಅಳಿಸಿದ ದಾಖಲೆಗಳು ಕಾಣುವುದೇ ಇಲ್ಲ. ಅವು ಸೇಲ್ಸ್‌ಫೋರ್ಸ್‌ನ ಕಸದ ಬುಟ್ಟಿಯಲ್ಲಿ 15 ದಿನ ಇದ್ದು ಮಾಯವಾದ ಮೇಲೂ ಡೇಟಾಬೇಸಿನಲ್ಲಿ ಉಳಿದಿರುತ್ತವೆ. ದಿನದ ಎಪಿಐ ಮಿತಿ (ಬೇರೆ ತಂತ್ರಾಂಶಗಳು ಸಿಆರ್‌ಎಂನಿಂದ ಮಾಹಿತಿ ಕೇಳಬಹುದಾದಷ್ಟು ಸಲ) ಮಧ್ಯಾಹ್ನವೇ ಮುಗಿದುಹೋಗುತ್ತದೆ ಎಂದು ಹೇಳುವವರನ್ನಂತೂ ಖಂಡಿತ ಬಿಡಬೇಡಿ.

ಎರಡೂ ದಿಕ್ಕಿನ ಜೋಡಣೆ ಬೇಕೆಂದವರಿಗೆ, ಒಂದೇ ಫೋನ್ ನಂಬರನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿದರೆ ಯಾವುದು ಉಳಿಯಬೇಕು ಎಂದು ಕೇಳಿ. ಉತ್ತರ ಸಿದ್ಧವಿಲ್ಲದಿದ್ದರೆ ಅವರಿಗೆ ಸದ್ಯಕ್ಕೆ ಒಂದು ದಿಕ್ಕಿನ ನಕಲೇ ಸಾಕು, ಮತ್ತು ಅದನ್ನು ಕಟ್ಟುವುದು ಎಷ್ಟೋ ಸುಲಭ.

ಸೇಲ್ಸ್‌ಫೋರ್ಸನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಹೆರೋಕು ಕನೆಕ್ಟ್‌ನಂಥ ಸೇವೆಗಳು ಈಗಾಗಲೇ ಇರುವುದರಿಂದ, ಅವನ್ನು ಏಕೆ ಕೊಳ್ಳಲಿಲ್ಲವೆಂಬ ಕಾರಣವನ್ನೂ ಬರೆದುಕೊಳ್ಳಿ. ಕೊನೆಗೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟು, ಗ್ರಾಹಕರ ಮಾಹಿತಿಯನ್ನು ಮುಟ್ಟಲು ಲಿಖಿತ ಒಪ್ಪಿಗೆಯನ್ನೂ ಒಂದು ತಿಂಗಳ ಪ್ರಯೋಗಕ್ಕೆ ಮುಂಗಡವನ್ನೂ ಕೇಳಿ. ಸಹಿ ಹಾಕಿ ಹಣ ಕೊಟ್ಟವರನ್ನಷ್ಟೇ ಬೇಡಿಕೆಯ ಲೆಕ್ಕಕ್ಕೆ ಹಿಡಿಯಿರಿ.